ಚಾಕ ಸಕ್ರಿ ಹಾಕ್ಲೇನ್ರಿ?

ಬೆಳಗಾವಿಯ ನಮ್ಮ ಮಹಾಂತೇಶ ನಗರದಲ್ಲಿ ಈಗ ಯಾರ ಮನೆಗೆ ಹೋದರೂ ನೀರಿನ ತಂಬಿಗೆಯ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: "ಕಾಕಾ, ಚಾಕ ಸಕ್ರಿ ಹಾಕ್ಲೇನ್ರಿ?" ಕೇಳುವ ಸೊಸೆಯಂದಿರದು ಕಾಳಜಿಯೇ, ಒಪ್ಪಿದೆ. ನನಗೆ ಮಾತ್ರ ಪೊಲೀಸ್ ವಿಚಾರಣೆ ನಡೆದಂತಾಗುತ್ತದೆ. ಹಾಕವಾ ಅಂದರೆ ಈ ಮುದುಕನಿಗೆ ಇನ್ನೂ ಬುದ್ಧಿ ಬಂದಿಲ್ಲ. ಬ್ಯಾಡವಾ ಅಂದರೆ ಇವನಿಗೂ ಬಂತು ನೋಡು ಕಾಯಿಲೆ!

ಜಿಲ್ಲೆ ನೋಡಿದರೆ ಕಬ್ಬಿನದು. ಉಗಾರದ ಸಕ್ಕರೆ ಕಂಪನಿ 1939ರದು, ಸಂಕೇಶ್ವರದ ಹಿರಣ್ಯಕೇಶಿ ಅದರ ತರುವಾಯದ್ದು. ಸಕ್ಕರೆಯದೇ ಅಧ್ಯಯನಕ್ಕೆ ನಿಜಲಿಂಗಪ್ಪನವರ ಹೆಸರಿನಲ್ಲಿ ಒಂದು ಸಂಸ್ಥೆ ಈ ಊರಿನಲ್ಲಿದೆ. ಇಂಥ ಊರಲ್ಲಿ ಚಮಚ ಹಿಡಿದು ನಿಂತು ಅಪ್ಪಣೆ ಕೇಳುವುದೆ?

ನಮ್ಮ ಆಯಿ ಯಾರನ್ನೂ ಕೇಳಲಿಲ್ಲ. ಸಕ್ಕರೆಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕುತ್ತಿದ್ದಳು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸಂಸಾರ ಹೂಡಿದವಳು. ಸಕ್ಕರೆ, ಚಿಮಣಿ ಎಣ್ಣೆ, ಅರಿವೆ ಎಲ್ಲಕ್ಕೂ ಪಾಳಿ ಹಚ್ಚಿದವಳು. ಮನೆಯವರಿಗೆ ಬೆಲ್ಲದ ಚಾ, ಸಕ್ಕರೆಯೇನಿದ್ದರೂ ಬೀಗರ ಪಾಲು. ಕೊನೆಯತನಕ ಅವಳಿಗೆ ಸಕ್ಕರೆ ಕಾಯಿಲೆ ಸುಳಿಯಲಿಲ್ಲ. (ಬೆಲ್ಲವೂ ಸಕ್ಕರೆಯೇ ಅನ್ನುವ ಡಾಕ್ಟರರಿದ್ದಾರೆ. ಆಯಿಯ ಎದುರು ಅಂದಿದ್ದರೆ ಗೊತ್ತಾಗುತ್ತಿತ್ತು.)

ಆಯಿಯನ್ನು ಪಾಳಿಯಲ್ಲಿ ನಿಲ್ಲಿಸಿದ ಸಾಹೇಬರು ತಮ್ಮ ದೇಶದಲ್ಲಿ ಹೇಗಿದ್ದರು ಅಂತ ಹುಡುಕಹೋಗಿ ನಾನು ಅಲ್ಲೇ ಸಿಕ್ಕಿಬಿದ್ದೆ. ಎರಡು ಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಹೊಸ ಮನೆಗಳು ಎದ್ದವು. ವಿದ್ಯುತ್ತು ಬಂತು, ರೇಡಿಯೊ ಬಂತು. ಕೈಯಲ್ಲಿ ನೌಕರಿಯಿದ್ದವರು ನಮ್ಮ ಬಡಾವಣೆಯವರ ಹಾಗೆಯೇ ಮನೆ ಮುಂದೆ ಹೂಗಿಡ ಬೆಳೆಸಿಕೊಂಡು ಸುಖವಾಗಿದ್ದರು. ಗಣಿಗಳೂ ಹಡಗುಕಟ್ಟೆಗಳೂ ಇದ್ದ ಉತ್ತರದ ಕಡೆ ಮಾತ್ರ ಗಂಡಸರು ಕೆಲಸವಿಲ್ಲದೆ ಕೂತಿದ್ದರು. ಅಲ್ಲಿ ಬಡವರ ಊಟವೆಂದರೆ ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಸುರಿದ ಚಹಾ. 1936ರಲ್ಲಿ ಜಾನ್ ಬಾಯ್ಡ್ ಓರ್ ಎಂಬ ತಜ್ಞ ಲೆಕ್ಕ ಹಾಕಿ, ಪೂರ್ಣ ಆರೋಗ್ಯಕ್ಕೆ ಬೇಕಾದ ಊಟ ಸುಮಾರು ಅರ್ಧ ದೇಶಕ್ಕೆ ದಕ್ಕುತ್ತಿಲ್ಲ ಅಂದ. ಸೂರ್ಯ ಮುಳುಗದ ಸಾಮ್ರಾಜ್ಯದ ಅಡುಗೆಮನೆ ಹೀಗಿತ್ತು.

ಯುದ್ಧ ಬಂದದ್ದೇ ಲೆಕ್ಕ ತಿರುಗಿತು. 1940ರ ಜನವರಿ 8ರಂದು ಬೆಣ್ಣೆ, ಬೇಕನ್, ಸಕ್ಕರೆಗೆ ರೇಷನ್ ಶುರು. ಸಕ್ಕರೆ ಬಹುಕಾಲ ವಾರಕ್ಕೆ ತಲೆಗೆ 8 ಔನ್ಸ್, ಅಂದರೆ ಕಾಲು ಕಿಲೋಕ್ಕೂ ತುಸು ಕಡಿಮೆ. ಅರಮನೆಗೂ ರೇಷನ್ ಪುಸ್ತಕ. ಬಸುರಿಯರಿಗೆ, ಐದು ತುಂಬದ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚೇ ಹಾಲು, ಅಗ್ಗದ ದರಕ್ಕೆ, ಕೈಲಾಗದವರಿಗೆ ಪುಕ್ಕಟೆ. ತಲೆಯ ಮೇಲೆ ಬಾಂಬು ಬೀಳುತ್ತಿದ್ದ ಕಾಲದಲ್ಲಿ ಬಡವರ ಮಕ್ಕಳು ಹಿಂದಿಗಿಂತ ಗಟ್ಟಿಮುಟ್ಟಾದರು. ಯುದ್ಧ ಮುಗಿದರೂ ಸಕ್ಕರೆಯ ರೇಷನ್ 1953ರ ಸೆಪ್ಟೆಂಬರಿನತನಕ ಉಳಿಯಿತು. ತೆಗೆದದ್ದೇ ತಡ, ದಿನಕ್ಕೆ 41 ಗ್ರಾಂ ತಿನ್ನುತ್ತಿದ್ದವರು 80 ಗ್ರಾಂಗೆ ಏರಿದರು. ಅವರೂ ಮನುಷ್ಯರೇ ತಾನೆ!

ಸ್ವಾರಸ್ಯ ಇನ್ನು ಮುಂದಿದೆ. ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷ ಆಗುವವರೆಗೆ ಆ ರೇಷನ್ನಿನಲ್ಲಿ ಬೆಳೆದವರನ್ನು ಸಂಶೋಧಕರು ಈಚೆಗೆ ಅವರ ಮುಪ್ಪಿನಲ್ಲಿ ಲೆಕ್ಕಕ್ಕೆ ಹಿಡಿದರು. ಅದು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು: ರೇಷನ್ ಹೋದಮೇಲೆ ಹುಟ್ಟಿದವರಿಗಿಂತ ಇವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ. 35ರಷ್ಟು, ರಕ್ತದೊತ್ತಡದ್ದು ಶೇ. 20ರಷ್ಟು ಕಡಿಮೆ. ನಾಲಗೆಗೆ ರುಚಿ ಹತ್ತುವ ಮೊದಲು ಸರಕಾರ ಕೈ ಹಿಡಿದಿತ್ತು. ಅದರ ಫಲ ಅವರ ಮುಪ್ಪಿಗೂ ಸಿಕ್ಕಿತು.

ಇದನ್ನು ಓದಿ ಯಾರೂ ಯುದ್ಧವನ್ನು ಹೊಗಳಬೇಡಿ. ಅದೇ ಅರಸೊತ್ತಿಗೆಯ ಕೆಳಗೆ 1943ರ ಬಂಗಾಳದ ಬರದಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದ, ರೋಗದಿಂದ ಸತ್ತರು. ನಮ್ಮೂರಿನ ಕೇಂದ್ರದಿಂದ ಹೊರಟ ಮರಾಠಾ ಲೈಟ್ ಇನ್‌ಫಂಟ್ರಿಯ ಹುಡುಗರು ಇಟಲಿಯಲ್ಲಿ ಅವರಿಗಾಗಿ ಕಾದಿದರು. ಲಂಡನ್ನಿನ ಕೂಸಿಗೆ ಹಾಲು ಅಳೆದು ಕೊಟ್ಟವರಿಗೆ ಕಲ್ಕತ್ತೆಯ ಬೀದಿಯ ಕೂಸು ಕಣ್ಣಿಗೆ ಬೀಳಲಿಲ್ಲ. ಕೊರತೆಯಿಂದ ಯಾವ ಮಗುವೂ ಗಟ್ಟಿಯಾದದ್ದಿಲ್ಲ. ಇದ್ದುದನ್ನು ಅಳೆದು, ಅರಮನೆ ಗುಡಿಸಲು ಅನ್ನದೆ ಹಂಚಿದ ಕಡೆ ಆಯಿತು, ಅಷ್ಟೇ.

ಹಂಚುವುದು ನಮಗೂ ಬರುತ್ತದೆ. 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆ, ಅಂಗನವಾಡಿಯ ಮಕ್ಕಳು ಹಾಲು ಕುಡಿಯುತ್ತಿದ್ದಾರೆ. ಹಾಲಿನ ಡೇರಿಯಂತೂ ನಮ್ಮ ಮಹಾಂತೇಶ ನಗರದಲ್ಲೇ ಇದೆ. ಸಕ್ಕರೆಯ ಕೈ ಹಿಡಿಯಲು ಮಾತ್ರ ಯಾವ ಸರಕಾರವೂ ಬರುವುದಿಲ್ಲ, ಅದೂ ಈ ಜಿಲ್ಲೆಯಲ್ಲಿ! ಆದ್ದರಿಂದ ತೊಟ್ಟಿಲ ಕಾರ್ಯಕ್ಕೆ ಬರುವ ಬಂಧುಗಳಲ್ಲಿ ಒಂದು ವಿನಂತಿ: ಪ್ರೀತಿ ಉಕ್ಕಿ ಕೂಸಿನ ತುಟಿಗೆ ಕುಂದಾ ಹಚ್ಚಬೇಡಿ. ನೀವೇ ತಿನ್ನಿರಿ, ನಮ್ಮ ನಿಮ್ಮದು ಆಗುವುದೆಲ್ಲ ಆಗಿಹೋಗಿದೆ.