ಪಾರ್ಸಲ್‌ನಲ್ಲಿ ಮುರಿದ ಗಿಟಾರ್: ನಷ್ಟ ಯಾರದು?

ಬಳಸಿದ ಫೋನು, ಸೈಕಲ್ಲು, ಕ್ಯಾಮೆರಾ ಆನ್‌ಲೈನ್‌ನಲ್ಲಿ ಮಾರೋದು ನಮ್ಮ ವಯಸ್ಸಿನವರಿಗೆ ಹೊಸದೇನಲ್ಲ. ದುಡ್ಡು ಬಂತು, ಪಾರ್ಸಲ್ ಹೋಯ್ತು, ಮುಗೀತು. ದಾರಿಯಲ್ಲಿ ವಸ್ತು ಮುರಿದರೆ ಏನು ಅಂತ ಯಾರೂ ಮೊದಲೇ ಮಾತಾಡಿಕೊಂಡಿರೋದಿಲ್ಲ.

ಇಂಜಿನಿಯರಿಂಗ್ ಓದುವಾಗ ಕೊಂಡಿದ್ದ ಅಕೌಸ್ಟಿಕ್ ಗಿಟಾರನ್ನು ಕಳೆದ ವರ್ಷ ಮಾರಿದೆ. ಕೊಂಡವನು ಧಾರವಾಡದ ಡಿಗ್ರಿ ಹುಡುಗ. 9,000 ರೂಪಾಯಿ, ಪೂರ್ತಿ ಮುಂಗಡ. ತಂತಿ ಸಡಿಲಿಸಿ, ಕುತ್ತಿಗೆಯ ಎರಡೂ ಕಡೆ ಸ್ಪಂಜ್ ಇಟ್ಟು, ಬೆಲೆಯನ್ನು ರಸೀದಿಯಲ್ಲಿ ಬರೆಸಿ ಬೆಂಗಳೂರಿನಿಂದ ಕಳಿಸಿದೆ. ನಾಲ್ಕನೇ ದಿನ ಫೋನ್ ಬಂತು.

"ಅಣ್ಣಾರ, ಗಿಟಾರ್ ಬಂತ್ರಿ. ಕುತ್ತಿಗಿ ಮುರದೈತ್ರಿ." ಸ್ವಲ್ಪ ತಡೆದು, "ನಾ ಮುರದಿಲ್ರಿ," ಅಂದ.

ದುಡ್ಡಿನ ಮಾತು ಅವನು ಎತ್ತಲೇ ಇಲ್ಲ. ನಾನು ಅನುಮಾನ ಪಡ್ತೀನಿ ಅನ್ನೋದೇ ಅವನ ಭಯ. ಪಾರ್ಸಲ್ ಬಿಚ್ಚಿದ ವಿಡಿಯೊ ಕಳಿಸಿದ. ಅದರಲ್ಲಿ ಅವನ ಅವ್ವನ ದನಿ: "ಸಾವಕಾಶ ಬಿಚ್ಚೋ." ಇನ್ನೇನು ಅನುಮಾನ ಪಡೋದು?

ಗಿಟಾರ್ ಮುರಿಯೋದೇ ಹೆಚ್ಚಾಗಿ ಅಲ್ಲಿ. ಕುತ್ತಿಗೆ ತಲೆಗೆ ಸೇರುವ ಜಾಗದಲ್ಲಿ ಮರ ತೆಳು. ಶ್ರುತಿ ಮಾಡಿದಾಗ ಆರು ಉಕ್ಕಿನ ತಂತಿಗಳ ಎಳೆತ ಸುಮಾರು 70 ಕೆ.ಜಿ. ತಂತಿ ಸಡಿಲಿದ್ದರೂ ಡಬ್ಬ ಎತ್ತರದಿಂದ ಬಿದ್ದರೆ ಬಿರಡೆಗಳ ಭಾರಕ್ಕೇ ತಲೆ ಮುರಿಯಬಹುದು.

ಆಫೀಸಿನ ಗೆಳೆಯ, "1930ರ ಸೇಲ್ ಆಫ್ ಗೂಡ್ಸ್ ಆ್ಯಕ್ಟ್ ಪ್ರಕಾರ ಸಾಗಣೆಯವರ ಕೈಗೆ ಕೊಟ್ಟರೆ ಸಾಮಾನ್ಯವಾಗಿ ಕೊಂಡವನಿಗೇ ಕೊಟ್ಟ ಹಾಗೆ. ನಿಂದೇನಿದೆ?" ಅಂದ. ಇರಬಹುದು. ಆದರೆ ಹುಡುಗ ದುಡ್ಡು ಹಾಕಿದ್ದು ನನ್ನನ್ನು ನಂಬಿ. ಕೊರಿಯರ್ ಕಂಪನಿಯನ್ನು ಅವನು ನೋಡಿಯೂ ಇಲ್ಲ.

ಎರಡು ದಾರಿ ಹೇಳಿದೆ: ಪೂರ್ತಿ ದುಡ್ಡು ವಾಪಸ್, ಇಲ್ಲವೇ ರಿಪೇರಿ ಖರ್ಚು ನಂದು, ಜೊತೆಗೆ 3,000 ವಾಪಸ್. "ಗಿಟಾರ್ ಬೇಕ್ರಿ," ಅಂದ.

ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರು ಬಾಳಿದ ಊರು ಅದು. ತಂಬೂರಿ ರಿಪೇರಿ ಮಾಡುವ ಹಿರಿಯರೊಬ್ಬರು ಸಿಕ್ಕರು. ಮರ ನಾರಿನ ಗುಂಟ ಸೀಳಿದ್ದರಿಂದ ಎರಡೂ ತುಂಡು ಸರಿಯಾಗಿ ಕೂತವು. ಅಂಟು ಹಾಕಿ, ಬಿಗಿದು, ಒಂದು ದಿನ ಬಿಟ್ಟರು. ಖರ್ಚು 800 ರೂಪಾಯಿ. ಗೆರೆ ಕಾಣುತ್ತೆ, ಶ್ರುತಿ ನಿಲ್ಲುತ್ತೆ.

ನೀವೂ ಹೀಗೆ ಏನಾದರೂ ಕಳಿಸೋದಿದ್ದರೆ ಪ್ಯಾಕಿಂಗ್ ಫೋಟೊ ತೆಗೆದಿಡಿ, ಬೆಲೆ ಬರೆಸಿ, ಬಿಚ್ಚುವಾಗ ವಿಡಿಯೊ ಮಾಡೋಕೆ ಹೇಳಿ. ಹಾನಿಯಾದರೆ ಸಾಗಣೆಯವರಿಗೆ ಲಿಖಿತ ನೋಟಿಸ್ ಕೊಡಿ. 2007ರ ಕ್ಯಾರೇಜ್ ಬೈ ರೋಡ್ ಆ್ಯಕ್ಟ್ ಪ್ರಕಾರ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಅದು ತಲುಪಿರಬೇಕು, ಇಲ್ಲದಿದ್ದರೆ ಕೋರ್ಟಿಗೆ ಹೋಗೋಕಾಗಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೊರಿಯರ್‌ನವರು ಮೊದಲು "ಪ್ಯಾಕಿಂಗ್ ಸರಿಯಿಲ್ಲ" ಅಂದರು. ಫೋಟೊ ಕಳಿಸಿದ ಮೇಲೆ "ಪರಿಶೀಲಿಸುತ್ತಿದ್ದೇವೆ" ಅಂತಿದ್ದಾರೆ. ನಮ್ಮ ಜಿರಾ ಟಿಕೆಟ್ ಥರ ಅದು ಇನ್ನೂ 'ಇನ್ ಪ್ರೋಗ್ರೆಸ್'. ಪರಿಹಾರ ಬಂದರೆ ಅದರಲ್ಲಿ ಅರ್ಧ ಅವನಿಗೆ ಅಂತ ಹೇಳಿದೀನಿ. "ಮೊದಲ ಬರ್ಲಿ ಬಿಡ್ರಿ ಅಣ್ಣಾರ," ಅಂತ ನಗ್ತಾನೆ.