ಅಂಚೆಚೀಟಿಯ ಅಳಿಲು

ನಮ್ಮ ವಿಭಾಗದ ಸ್ಮರಣ ಸಂಪುಟಕ್ಕೆ ಏನಾದರೂ ಬರೆದುಕೊಡಬೇಕೆಂಬ ಪತ್ರ ಕೈಸೇರಿದಾಗ ತುಸು ಹಿಂಜರಿದೆ. ಎಂ.ಎ. ಮುಗಿಸಿ ಬ್ಯಾಂಕಿನ ನೌಕರಿ ಹಿಡಿದು, 1983ರಲ್ಲಿ ಅಹಮದಾಬಾದಿಗೆ ವರ್ಗವಾಗಿ ಬಂದವನು ನಾನು. ಕಾವ್ಯಗಳನ್ನು ಓದಿದ್ದು ಎರಡು ವರ್ಷ. ಲೆಕ್ಕದ ಪುಸ್ತಕಗಳನ್ನು ಓದಿದ್ದು ಮೂವತ್ತು ವರ್ಷ. ವಿದ್ವತ್ತಿನ ಮಾತು ನನ್ನಲ್ಲಿಲ್ಲ. ಒಂದು ಅಂಚೆಚೀಟಿಯ ಕಥೆಯಿದೆ. ಅದು ಒಂದೆರಡು ಶಬ್ದಗಳ ಕಥೆಯೂ ಆಗಿರುವುದರಿಂದ ಕನ್ನಡ ವಿದ್ಯಾರ್ಥಿಗಳ ಮುಂದಿಡುವ ಧೈರ್ಯ ಮಾಡಿದ್ದೇನೆ.

ನಮ್ಮ ತಂದೆಯವರು ಮಲೆನಾಡಿನ ಒಂದು ಹಳ್ಳಿಯ ಪೋಸ್ಟ್ ಮಾಸ್ಟರು. ಮನೆಯ ಜಗಲಿಯೇ ಅಂಚೆಕಚೇರಿ. ದಿನವೂ ಚೀಟಿಗಳ ಮೇಲೆ ಠಸ್ಸೆ ಹೊಡೆಯುವ ಅವರಿಗೆ, ಠಸ್ಸೆ ಕೆಡಿಸದೆ ಬಿಟ್ಟ ಚೀಟಿಗಳನ್ನು ಕೂಡಿಡುವ ಹವ್ಯಾಸವೂ ಇತ್ತು. ಪ್ರಾಣಿಗಳ ಚಿತ್ರವಿದ್ದ ಚೀಟಿಗಳೆಂದರೆ ವಿಶೇಷ ಪ್ರೀತಿ. 1963ರಲ್ಲಿ ಬಂದ ಕಾಟಿ, ಆನೆ, ಹುಲಿ, ಸಿಂಹ, ಕೆಂಪು ಪಾಂಡಾಗಳು ಅವರ ಆಲ್ಬಮಿನ ಮೊದಲ ಪುಟದಲ್ಲಿದ್ದವು. 1983ರಲ್ಲಿ ಸಿಂಗಳೀಕದ ಚೀಟಿ ಬಂದಾಗ, ತಮ್ಮ ಊರಿನವನಿಗೇ ದೊಡ್ಡ ಹುದ್ದೆ ಸಿಕ್ಕಿತೆಂಬಂತೆ ನನಗೆ ಕಾಗದ ಬರೆದಿದ್ದರು. ಕಾಗದದ ಕೊನೆಗೆ ಒಂದು ಸಾಲು: ‘ಇನ್ನು ನಮ್ಮ ಕೆಂದಳಿಲಿನ ಸರದಿ.’

ಎರಡು ವರ್ಷದ ಮೇಲೆ, ಒಂದು ಭಾನುವಾರ, ಸಾಬರಮತಿಯ ದಡದಲ್ಲಿ ಎಲ್ಲಿಸ್ ಸೇತುವೆಯ ಬಳಿ ನೆರೆಯುವ ಗುಜರಿ ಬಜಾರಿನಲ್ಲಿ ಹಳೆಯ ಪುಸ್ತಕ ಹುಡುಕುತ್ತಿದ್ದೆ. ಚೀಟಿಗಳ ಒಂದು ಪೊಟ್ಟಣದಲ್ಲಿ ಅಳಿಲು ಸಿಕ್ಕಿತು. ಬ್ರಿಟನ್ನಿನ ಅಂಚೆ ಇಲಾಖೆ 1977ರ ಅಕ್ಟೋಬರಿನಲ್ಲಿ ಹೊರತಂದ ಒಂಬತ್ತು ಪೆನ್ಸಿನ ಐದು ಚೀಟಿಗಳಲ್ಲಿ ಅದೊಂದು. ಉಳಿದ ನಾಲ್ಕು ಮುಳ್ಳಿಲಿ, ಮೊಲ, ನೀರುನಾಯಿ, ಬ್ಯಾಡ್ಜರ್. ಆ ದೇಶದ ಪದ್ಧತಿಯಂತೆ ದೇಶದ ಹೆಸರಿಲ್ಲ, ರಾಣಿಯ ಪಾರ್ಶ್ವಮುಖ ಮಾತ್ರ. ಇಂಗ್ಲಿಷರು ಅದನ್ನು ಕೆಂಪು ಅಳಿಲೆಂದೇ ಕರೆಯುವುದರಿಂದ, ‘ಇಗೋ ನಿಮ್ಮ ಕೆಂದಳಿಲು’ ಎಂದು ಬರೆದು ತಂದೆಗೆ ಕಳುಹಿಸಿದೆ.

ಹದಿನೈದು ದಿನದಲ್ಲಿ ಉತ್ತರ ಬಂತು. ‘ಚಿರಂಜೀವಿಗೆ ಆಶೀರ್ವಾದಗಳು. ಚೀಟಿ ತಲುಪಿತು, ಸಂತೋಷ. ಇದು ನಮ್ಮ ಕೆಂದಳಿಲಲ್ಲ. ನಮ್ಮದರ ಮೈಮೇಲೆ ಕೆಂಪೂ ಕಪ್ಪೂ ಎರಡೂ ಇವೆ, ಬಾಲ ಸೇರಿದರೆ ಮೂರಡಿ ಉದ್ದ, ನೆಲಕ್ಕೆ ಇಳಿಯುವುದೇ ಅಪರೂಪ. ಹೆಸರು ಒಂದಾಯಿತೆಂದು ಪ್ರಾಣಿ ಒಂದಾಗುವುದಿಲ್ಲ. ಸಾಹಿತ್ಯ ಓದಿದವನು ನೀನು ಇಷ್ಟು ನೋಡಬೇಡವೆ?’ ಆ ಪ್ರಶ್ನೆಗೆ ಆಗ ನಕ್ಕು ಸುಮ್ಮನಾದೆ.

ಅಂದಿನಿಂದ ನೋಡತೊಡಗಿದೆನೆಂದು ಹೇಳಬೇಕು. ಅಹಮದಾಬಾದಿನ ಹಳೆಯ ಪೇಟೆಯ ಪೋಳ್‌ಗಳಲ್ಲಿ ಚಬೂತರೋ ಎಂಬ ಕೆತ್ತನೆಯ ಕಂಬಗೂಡುಗಳಿವೆ. ಹಕ್ಕಿಗಳಿಗೆಂದು ಅದರಲ್ಲಿ ಕಾಳು ಹಾಕುತ್ತಾರೆ. ಅಳಿಲುಗಳೂ ಪಾಲಿಗೆ ಬರುತ್ತವೆ. ನಾವು ಬಾಡಿಗೆಗಿದ್ದ ಓಣಿಯ ಚಬೂತರೋದಲ್ಲಿ ಒಂದು ಬೆಳಿಗ್ಗೆ ಅಳಿಲಿನ ಬೆನ್ನಿನ ಗೆರೆಗಳನ್ನು ಎಣಿಸಿದೆ. ಐದು! ನಡುವಿನ ಮೂರು ಸ್ಪಷ್ಟ, ಪಕ್ಕದ ಎರಡು ತುಸು ಮಸುಕು. ಊರಿನಲ್ಲಿ ಹುಟ್ಟಿದಾರಭ್ಯ ನೋಡಿದ್ದ ಅಳಿಲಿಗೆ ಮೂರೇ ಗೆರೆ. ರಾಮನ ಮೂರು ಬೆರಳಿನ ಗುರುತು ಎಂದು ಅಜ್ಜಿ ಹೇಳಿದ್ದು. ಕಾಳು ಹಾಕುತ್ತಿದ್ದ ಮನೆಯೊಡತಿಗೆ, ಓಣಿಯ ಎಲ್ಲರಿಗೂ ‘ಬಾ’ ಆಗಿದ್ದ ಆ ಮುದುಕಿಗೆ, ಇದನ್ನು ಹೇಳಿದೆ. ಬಾ ನಕ್ಕರು: ‘ಸೇತುವೆಯ ಹತ್ತಿರದವರು ನೀವು, ನಿಮಗೆ ಮೂರೇ ಬೆರಳೇ? ನಮ್ಮ ಖಿಸ್ಕೋಲಿಗೆ ರಾಮ ಇಡೀ ಕೈ ಆಡಿಸಿದ್ದಾನೆ, ಬೇಟಾ!’

ಅಳಿಲುಸೇವೆಯ ಈ ಕಥೆ ವಾಲ್ಮೀಕಿಯಲ್ಲಿಲ್ಲವೆಂದು ತರಗತಿಯಲ್ಲಿ ಕೇಳಿದ್ದು ಆಗ ನೆನಪಾಯಿತು. ತಮಿಳಿನ ತೊಂಡರಡಿಪ್ಪೊಡಿ ಆಳ್ವಾರರ ‘ತಿರುಮಾಲೈ’ಯಲ್ಲಿ, ತೆಲುಗಿನ ‘ರಂಗನಾಥ ರಾಮಾಯಣ’ದಲ್ಲಿ ಅಳಿಲು ಬರುತ್ತದೆ. ದಕ್ಷಿಣದಲ್ಲಿ ಬೆಳೆದ ಕಥೆ ಗುಜರಾತಿನ ಓಣಿಗೆ ಬಂದು, ಅಲ್ಲಿನ ಅಳಿಲಿಗೆ ತಕ್ಕಂತೆ ಎರಡು ಬೆರಳು ಹೆಚ್ಚಿಸಿಕೊಂಡಿತ್ತು. ಪಾಠಾಂತರವೆಂದರೇನೆಂದು ಗುರುಗಳು ಬಹಳ ದಿನ ವಿವರಿಸಿದ್ದರು. ನನಗೆ ಅದು ಅರ್ಥವಾದದ್ದು ಈ ಚಬೂತರೋದ ಬುಡದಲ್ಲಿ.

1991ರಲ್ಲಿ ತಂದೆ ತೀರಿಕೊಂಡರು. ಆಲ್ಬಮು ನನ್ನ ಪಾಲಿಗೆ ಬಂತು. ಬ್ರಿಟನ್ನಿನ ಅಳಿಲನ್ನು ಅವರು ಅಂಟಿಸಿದ್ದರು. ಪಕ್ಕದಲ್ಲಿ ಒಂದು ಚೀಟಿ ಹಿಡಿಯುವಷ್ಟು ಜಾಗ ಖಾಲಿ ಬಿಟ್ಟು, ಕೆಳಗೆ ಪೆನ್ಸಿಲಿನಿಂದ ‘ಕೆಂದಳಿಲು’ ಎಂದು ಬರೆದಿಟ್ಟಿದ್ದರು.

ಆಮೇಲೆ ನನಗೆ ಸೂರತ್ತಿಗೆ ವರ್ಗವಾಯಿತು. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಾವೂ ಕಿಟಕಿ ಮುಚ್ಚಿ ಕುಳಿತೆವು. ಇಲಿಯ ಹೆಸರೆತ್ತಿದರೆ ಜನ ನಡುಗುತ್ತಿದ್ದರು. ಅಳಿಲೂ ಇಲಿಯೂ ಒಂದೇ ದಂಶಕ ವರ್ಗಕ್ಕೆ ಸೇರಿದವೆಂದು ಶಾಲೆಯಲ್ಲಿ ಓದಿದ್ದ ನನ್ನ ಮಗಳು ಒಂದು ಸಂಜೆ ಕೇಳಿದಳು: ‘ಅಪ್ಪಾ, ಬೇವಿನ ಮರದ ಖಿಸ್ಕೋಲಿಗಳನ್ನೂ ಕೊಲ್ಲುತ್ತಾರಾ?’ ಇಲ್ಲವೆಂದು ಹೇಳಿದೆನಾದರೂ ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ಅವಳ ಬಾಯಲ್ಲಿ ಅಳಿಲು ಎಂಬ ಮಾತು ಬರಲಿಲ್ಲವೆಂಬುದನ್ನು ನಾನೂ ಆ ರಾತ್ರಿಯೇ ಗಮನಿಸಿದೆ.

ಅವಳಿಗೆ ಸರಿಯಾದ ಉತ್ತರ ಕೊಡಬೇಕೆಂಬ ಹಟದಿಂದ ಓದತೊಡಗಿದೆ. ಸಸ್ತನಿಗಳ ಪ್ರಭೇದಗಳಲ್ಲಿ ನೂರಕ್ಕೆ ಸುಮಾರು 40 ದಂಶಕಗಳು. ಅವುಗಳ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಓದುತ್ತ ಹೋದಂತೆ ಸೂರತ್ತೇ ಎರಡು ಸಲ ಎದುರಾಯಿತು. ಮೂರು ಗೆರೆಯ ಅಳಿಲಿಗೆ ಲಿನೇಯಸ್ 1766ರಲ್ಲೇ ಹೆಸರಿಟ್ಟಿದ್ದ. ಐದು ಗೆರೆಯದು ಬೇರೆಯದೆಂದು ಗುರುತಿಸಿ 1905ರಲ್ಲಿ ಹೆಸರಿಟ್ಟವನು ರಾಟನ್ ಎಂಬ ಅರಣ್ಯಾಧಿಕಾರಿ; ಅದಕ್ಕೆ ಆಧಾರವಾದ ಮಾದರಿ ಸಿಕ್ಕಿದ್ದು ಸೂರತ್ ಜಿಲ್ಲೆಯ ಮಾಂಡವಿ ತಾಲ್ಲೂಕಿನಲ್ಲಿ. ಜಗತ್ತು ಪ್ಲೇಗಿನ ಊರೆಂದು ಹೆದರಿದ ಸೀಮೆ, ಬಾ ಕಾಳು ಹಾಕುತ್ತಿದ್ದ ಪುಟ್ಟ ಪ್ರಾಣಿಯನ್ನು ಶಾಸ್ತ್ರಕ್ಕೆ ಪರಿಚಯಿಸಿದ ಸೀಮೆಯೂ ಹೌದು. ಮಗಳಿಗೆ ಇದನ್ನು ಹೇಳಿದಾಗ ಅವಳ ಮುಖ ತಿಳಿಯಾಯಿತು.

ಎರಡನೆಯದನ್ನು ಅವಳಿಗೆ ಹೇಳುವುದಕ್ಕೆ ತಡವಾಯಿತು. ಸೂರತ್ತಿನ ಆಗ್ನೇಯಕ್ಕೆ ಡಾಂಗ್ಸ್ ಕಾಡಿದೆ. ನಮ್ಮ ಕೆಂದಳಿಲಿನ ಒಂದು ಉಪಜಾತಿ ಅಲ್ಲಿತ್ತು. ಅದರ ಬಣ್ಣ ಕೆಂಪಲ್ಲ, ಬಹಳ ಮಟ್ಟಿಗೆ ಬಿಳುಪು. 1897ರಲ್ಲಿ ಬ್ಲಾನ್‌ಫರ್ಡ್ ಅದಕ್ಕೆ ‘ಡೀಅಲ್ಬಾಟಾ’ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಸುಣ್ಣ ಬಳಿದದ್ದು ಎಂದರ್ಥ. ಕೆಂದಳಿಲಿನ ಬಾಳೆಲ್ಲ ಮರದ ನೆತ್ತಿಯ ಮೇಲೆ. ಕೊಂಬೆಗೆ ಕೊಂಬೆ ತಾಗುವ ದಟ್ಟ ಕಾಡು ಅದಕ್ಕೆ ಬೇಕು. ಡಾಂಗ್ಸಿನ ತೇಗವನ್ನು ಕುಂಪಣಿ ಸರಕಾರ 1842ರಿಂದಲೇ ಗುತ್ತಿಗೆ ಹಿಡಿದಿತ್ತು. ಕಾಡು ತೆಳುವಾಯಿತು, ಬೇಟೆಯೂ ನಡೆಯಿತು. ಈ ಬಿಳಿಯ ಅಳಿಲು ಅಳಿದುಹೋಯಿತೆಂದೇ ಪ್ರಾಣಿಶಾಸ್ತ್ರಜ್ಞರು ಬಗೆಯುತ್ತಾರೆ.

ಒಂದು ಚಳಿಗಾಲ, ಬಡೋದೆಯ ಗಾಯಕವಾಡರ ಕಾಲದ ನ್ಯಾರೋಗೇಜ್ ರೈಲಿನಲ್ಲಿ ಬಿಲಿಮೋರಾದಿಂದ ವಘಯಿಗೆ ಹೋದೆ. 63 ಕಿಲೋಮೀಟರಿನ ದಾರಿ. ಚಹಾದಂಗಡಿಯ ಮುದುಕನೊಬ್ಬನಿಗೆ ಬೆಕ್ಕಿಗಿಂತ ಉದ್ದದ ಬಿಳಿ ಅಳಿಲಿನ ವಿಷಯ ಕೇಳಿದೆ. ಅವನು ನೋಡಿರಲಿಲ್ಲ. ಆದರೆ ನನ್ನ ಮಾತು ಮುಗಿಯುವ ಮೊದಲೇ ಅವನ ದೃಷ್ಟಿ ತೇಗದ ತುದಿಗೆ ಹೋಗಿತ್ತು, ಇನ್ನೂ ಅಲ್ಲೆಲ್ಲೋ ಇರಬಹುದೆಂಬಂತೆ.

ಬ್ರಿಟನ್ನಿನವರು ತಮ್ಮ ಕೆಂಪು ಅಳಿಲನ್ನು ಚೀಟಿಯ ಮೇಲೆ ತಂದದ್ದು ಅದು ಅಲ್ಲಿ ಕ್ಷೀಣಿಸುತ್ತಿದ್ದಾಗ. 1876ರಲ್ಲಿ ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲು ಅದನ್ನು ಹೊರದಬ್ಬಿತ್ತು. ಚೀಟಿ ಪ್ರಾಣಿಯನ್ನು ಕಾಪಾಡಲಾರದು. ಆದರೆ ಇಂಥದೊಂದು ನಮ್ಮಲ್ಲಿದೆ ಎಂದು ಮನೆಮನೆಗೆ ಹೇಳಬಲ್ಲದು. ಗುಜರಾತಿನ ಸಿಂಹಕ್ಕೆ ಈ ಭಾಗ್ಯ ಮತ್ತೆ ಮತ್ತೆ ಒದಗಿದೆ. 1929ರಲ್ಲೇ ಜುನಾಗಢದ ಸೋರಠ ಸಂಸ್ಥಾನದ ಚೀಟಿಯ ಮೇಲೆ, ಅನಂತರ ಸ್ವತಂತ್ರ ಭಾರತದ ಚೀಟಿಗಳ ಮೇಲೆ ಗೀರ್ ಸಿಂಹ ಮೆರೆಯಿತು. ಸೂರತ್ತಿನ ಬಿಳಿ ಅಳಿಲು ಯಾರ ಕಾಗದದ ಮೇಲೂ ಪಯಣಿಸದೆ ಮರೆಯಾಯಿತು.

ನಿವೃತ್ತನಾಗಿ ಅಹಮದಾಬಾದಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಆರು ವರ್ಷದ ಮೊಮ್ಮಗಳಿಗೆ ಕನ್ನಡ ಅಲ್ಪಸ್ವಲ್ಪ ಬರುತ್ತದೆ. ಮೊನ್ನೆ ಆಲ್ಬಮು ತಿರುವುತ್ತ, ಪೆನ್ಸಿಲಿನ ಅಕ್ಷರಗಳ ಮೇಲೆ ಬೆರಳಿಟ್ಟು, ‘ಅಜ್ಜಾ, ಇಲ್ಲಿ ಯಾರಿಲ್ಲ?’ ಎಂದಳು. ಕೆಂದಳಿಲು ಎಂದೆ. ಅವಳು ‘ಕೆಂಪು ಖಿಸ್ಕೋಲಿ?’ ಎಂದಳು. ಒಂದು ಕ್ಷಣ ಹೌದೆನ್ನಬೇಕೆಂದಿದ್ದೆ; ತಂದೆಯ ಕಾಗದ ನೆನಪಾಯಿತು. ಅಲ್ಲ ಮಗು, ಎಂದು ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಬೇವಿನ ಮರದಲ್ಲಿ ಒಂದು ಇಳಿದು ಬರುತ್ತಿತ್ತು. ಇದು ಖಿಸ್ಕೋಲಿ, ಗೆರೆ ಎಣಿಸು ಎಂದೆ. ಅವಳು ಕನ್ನಡದಲ್ಲಿ ಎಣಿಸಿದಳು. ನಾಲ್ಕರವರೆಗೆ ಬಂತು, ಐದನೆಯದನ್ನು ನಾನು ಹೇಳಿಕೊಟ್ಟೆ. ಬರುವ ಬೇಸಿಗೆಯಲ್ಲಿ ಊರಿಗೆ ಹೋಗಿ ಮೂರು ಗೆರೆಯದನ್ನೂ, ಸಿಕ್ಕರೆ ಮರದ ನೆತ್ತಿಯ ಮೇಲಿನದನ್ನೂ ತೋರಿಸುವುದಾಗಿ ಮಾತು ಕೊಟ್ಟಿದ್ದೇನೆ.