ಬಾಲದ ಮಾತು, ಒಸಡಿನ ಬಣ್ಣ

ನಾಯಿಯ ಬಾಲವನ್ನು ಕನ್ನಡದ ಗಾದೆ ಡೊಂಕೆಂದು ಹಳಿಯಿತೇ ಹೊರತು ಅದು ಹೇಳುವುದೇನೆಂದು ಕೇಳಲಿಲ್ಲ. ಬಾಲ ಅಲ್ಲಾಡಿದರೆ ನಾಯಿಗೆ ಸಂತೋಷವೆಂದು ಭಾವಿಸುವುದು ರೂಢಿ. ಆದರೆ ಸೊಂಟದ ಸಮೇತ ಸಡಿಲವಾಗಿ ಬಳುಕುವ ಬಾಲ ಸ್ನೇಹವನ್ನು ಹೇಳಿದರೆ, ಸೆಟೆದು ಮೇಲೆದ್ದು ತುದಿಯಷ್ಟೇ ಕಂಪಿಸುವ ಬಾಲ ಎಚ್ಚರಿಕೆಯನ್ನೂ, ಹಿಂಗಾಲುಗಳ ನಡುವೆ ಮುದುಡಿದ ಬಾಲ ಭಯವನ್ನೂ ಹೇಳುತ್ತದೆ. ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು 1872ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್, ಏರಿಹೋಗುವ ನಾಯಿಯ ನಿಲುವಿಗೂ ಒಲಿದು ಬರುವ ನಾಯಿಯ ನಿಲುವಿಗೂ ಇರುವ ವಿರೋಧವನ್ನು ಚಿತ್ರಗಳ ಸಹಿತ ವಿವರಿಸಿದ್ದಾರೆ. ಸಾಕಿದವರನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು ವಾಲುತ್ತದೆ, ಅಪರಿಚಿತವಾದ ಬಲಿಷ್ಠ ನಾಯಿಯನ್ನು ಕಂಡಾಗ ಎಡಕ್ಕೆ ವಾಲುತ್ತದೆ ಎಂಬುದನ್ನು ಇಟಲಿಯ ಸಂಶೋಧಕರು 2007ರಲ್ಲಿ ಅಳೆದು ತೋರಿಸಿದರು.

ಬಾಲಕ್ಕಿಂತ ಸೂಕ್ಷ್ಮವಾದ ಮಾತು ಮುಖದಲ್ಲಿದೆ. ನಿದ್ದೆಯ ಹೊತ್ತಲ್ಲದಾಗ ಆಕಳಿಸುವುದು, ತಿನಿಸು ಕಾಣದಿದ್ದರೂ ಮೂಗು ನೆಕ್ಕಿಕೊಳ್ಳುವುದು, ಮುಖ ಹೊರಳಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಇವೆಲ್ಲ ತಣಿಸುವ ಸಂಜ್ಞೆಗಳು; ಅಂದರೆ ತನಗೆ ಇರುಸುಮುರುಸಾಗಿದೆ, ಜಗಳ ಬೇಡ, ತುಸು ದೂರವಿರಿ ಎಂಬ ವಿನಂತಿಗಳು. ಬೆಂಗಳೂರಿನ ವೈಟ್‌ಫೀಲ್ಡಿನ ಬಹುಮಹಡಿ ಕಟ್ಟಡಗಳ ಲಿಫ್ಟಿನಲ್ಲಿ ಸರಿದುಹೋಗಲು ಜಾಗವಿಲ್ಲದ ನಾಯಿಗೆ ಈ ವಿನಂತಿಯೊಂದೇ ಆಸರೆ. ಅಲ್ಲಿ ಅದರ ತಲೆ ಸವರಲು ಮಗುವೊಂದು ಕೈಚಾಚಿದಾಗ ಆ ಆಕಳಿಕೆಯನ್ನು ಯಾರೂ ಗಮನಿಸದಿದ್ದರೆ, ಮುಂದಿನ ಮಾತು ಗುರುಗುಟ್ಟುವಿಕೆಯಾಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬುವುದೂ, ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯುವುದೂ ಸಮಾನವಾದ ತಪ್ಪುಗಳು. ಏಕೆಂದರೆ ಎಚ್ಚರಿಸಿದ್ದಕ್ಕೆ ಏಟು ತಿಂದ ನಾಯಿ, ಮುಂದೆ ಎಚ್ಚರಿಸದೆಯೇ ಕಚ್ಚುವುದನ್ನು ಕಲಿಯಬಹುದು.

ಆರೋಗ್ಯದ ಸುದ್ದಿಯನ್ನೂ ನಾಯಿ ಮೈಯಿಂದಲೇ ತಿಳಿಸುತ್ತದೆಯಾದರೂ, ನೋವನ್ನು ಅಡಗಿಸಿಡುವುದು ಅದರ ಹುಟ್ಟುಗುಣವಾದ್ದರಿಂದ ತಡವಾಗಿ ತಿಳಿಸುತ್ತದೆ. ಹುಟ್ಟಿನಿಂದ ಕಪ್ಪಾಗಿರದ ಒಸಡು ನಸುಗೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಚಿದ ಜಾಗಕ್ಕೆ ಸುಮಾರು 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ನೆಮ್ಮದಿಯಾಗಿ ಮಲಗಿದ ನಾಯಿ ನಿಮಿಷಕ್ಕೆ 10ರಿಂದ 30 ಬಾರಿ ಉಸಿರಾಡುತ್ತದೆ. ಅದರ ಸಹಜ ಮೈಬಿಸಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುವುದರಿಂದ, ಕೈಗೆ ಬಿಸಿ ತಾಗಿದ ಮಾತ್ರಕ್ಕೆ ಜ್ವರವೆನ್ನಲಾಗದು, ಮೂಗು ಒಣಗಿದ ಮಾತ್ರಕ್ಕೆ ಕಾಯಿಲೆಯೆನ್ನಲೂ ಆಗದು.

ಬೆಂಗಳೂರಿನ ಹದವಾದ ಹವೆ ಉಣ್ಣೆಗಳಿಗೂ ಹಿತವೇ. ಗೋಡೆಯ ಬಿರುಕಿನಲ್ಲೂ ಸಂಸಾರ ಹೂಡುವ ಕಂದು ಉಣ್ಣೆ ಕಚ್ಚಿದಾಗ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತಕ್ಕಿಳಿದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳನ್ನು ತಗ್ಗಿಸುತ್ತದೆ. ಊಟ ಬಿಟ್ಟು ಮಂಕಾಗುವುದು, ಒಸಡು ಬಿಳುಚುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುವುದು ಈ ಟಿಕ್ ಫೀವರಿನ ಸುಳಿವುಗಳಾಗಿದ್ದು, ರಕ್ತಪರೀಕ್ಷೆಯನ್ನು ಮುಂದೂಡಬಾರದು. ನಾಯಿ ಮುಖ್ಯವಾಗಿ ತೇಕಿಯೇ ಮೈ ತಂಪಾಗಿಸಿಕೊಳ್ಳುವುದರಿಂದ, ದಟ್ಟ ತುಪ್ಪಳದ ಹಸ್ಕಿಗೂ ಚಪ್ಪಟೆ ಮೂಗಿನ ಪಗ್ಗಿಗೂ ಏಪ್ರಿಲ್ ಮಧ್ಯಾಹ್ನದ ಡಾಂಬರು ರಸ್ತೆ ಪ್ರಾಣಕ್ಕೇ ಎರವಾಗಬಲ್ಲದು.

ಇಷ್ಟೆಲ್ಲ ಗುರುತುಗಳು ಒಂದೇ ಆಧಾರದ ಮೇಲೆ ನಿಂತಿವೆ: ಎಂದಿನದನ್ನು ಬಲ್ಲವರಿಗಷ್ಟೇ ಇಂದಿನದು ಬೇರೆಯೆಂದು ತಿಳಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಶಿಫ್ಟುಗಳಿಗೆ ದುಡಿಯುವ ಮನೆಗಳಲ್ಲಿ ಆ ಎಂದಿನದು ಹಲವರ ಕಣ್ಣುಗಳಲ್ಲಿ ಹಂಚಿಹೋಗಿದೆ. ಬೆಳಗ್ಗೆ ನಾಯಿಯನ್ನು ತಿರುಗಾಡಿಸುವ ಹುಡುಗನಿಗೆ ಅದರ ಮಲ, ಮೂತ್ರ ಮತ್ತು ನಡಿಗೆ ಗೊತ್ತು, ಮನೆಗೆಲಸದವರಿಗೆ ಬಟ್ಟಲಲ್ಲಿ ಉಳಿದ ಅನ್ನ ಗೊತ್ತು, ಸಾಕಿದವರಿಗೆ ರಾತ್ರಿ ಬಾಗಿಲಲ್ಲಿ ಅಲ್ಲಾಡುವ ಬಾಲವಷ್ಟೇ ಗೊತ್ತು. ಪೀಣ್ಯದ ಕಾರ್ಖಾನೆಯ ಗೇಟಿನಲ್ಲಿ ತನ್ನ ಬುತ್ತಿಯ ತುತ್ತನ್ನು ನಾಯಿಗೂ ಹಾಕುವ ಕಾವಲುಗಾರ, ಹಗಲಿರುಳು ಅದನ್ನು ನೋಡುವುದರಿಂದ, ಅದು ಕುಂಟಿದ ದಿನವೇ ಅದನ್ನು ಅರಿಯುತ್ತಾನೆ. ಹಂಚಿಹೋದ ಈ ಅರಿವನ್ನು ಪ್ರತಿದಿನ ಒಬ್ಬರನ್ನೊಬ್ಬರು ಕೇಳಿ ಒಟ್ಟುಗೂಡಿಸಿಕೊಳ್ಳುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಇಂಥ ದಿನನಿತ್ಯದ ಗಮನಕ್ಕೆ ಕನ್ನಡನಾಡಿನಲ್ಲಿ ಹಳೆಯ ಮಾದರಿಯಿದೆ. ಕ್ರಿ.ಶ. 949–50ರ ಆತಕೂರು ಶಾಸನವು, ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಉಳಿಸಿಕೊಂಡು, ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಆ ನಾಯಿಯನ್ನು ಮೆಚ್ಚುಗೆಯ ಕೊಡುಗೆಯಾಗಿ ಕೇಳಿ ಪಡೆದವನು ಮಣಲೇರನೆಂಬ ಯೋಧ. ಅದರ ನೆನಪಿಗೆ ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವರು, ಅಂದರೆ ಶೈವ ಪೂಜಾರಿಗಳು, ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯನ್ನು ಶಾಸನ ವಿಧಿಸಿದೆ. ಸತ್ತ ನಾಯಿಗೆ ಸಂದ ಆ ಮರ್ಯಾದೆಯಲ್ಲಿ ಸ್ವಲ್ಪವಾದರೂ ಬದುಕಿರುವ ನಾಯಿಗೆ ಸಲ್ಲಬೇಕು: ಮನೆಯವರು ಉಣ್ಣಲು ಕೂರುವ ಮುನ್ನ ಅದರ ಕಣ್ಣು, ಒಸಡು, ಉಸಿರು, ನಡಿಗೆಗಳನ್ನು ಒಮ್ಮೆ ನೋಡಿ, ಅದು ಎಂದಿನಂತೆಯೇ ಇದೆಯೆಂದು ತಿಳಿದು, ಆಮೇಲೆ ಉಣ್ಣಬೇಕು.